ಬಳ್ಳಾರಿ ಹೊಸ ಬಡಾವಣೆಯ ರೆಡಿ ಮನೆ: ಟೈಲ್ಸ್ ಚಂದ, ತಳ ಹೇಗಿದೆ?

ಬಳ್ಳಾರಿಯಲ್ಲಿ ಈಗ ಮಾರಾಟಕ್ಕೆ ನಿಲ್ಲುವ ಸ್ವತಂತ್ರ ಮನೆಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. 30×40 ಸೈಟು, ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಅದರಡಿ ಸಂಪು. ಕೆಳಗೆ ಹಾಲ್, ಅಡುಗೆಮನೆ, ದೇವರ ಗೂಡು, ಒಂದು ಬೆಡ್‌ರೂಮು. ಮೇಲೆ ಎರಡು ಬೆಡ್‌ರೂಮು, ಅದರ ಮೇಲೆ ಕಪ್ಪು ಸಿಂಟೆಕ್ಸ್. ಮುಂಭಾಗಕ್ಕೆ ಗ್ರಾನೈಟು, ಎಲ್‌ಇಡಿ ಪಟ್ಟಿ, ತೇಗದ ಬಾಗಿಲು. ಸಿರುಗುಪ್ಪ ರಸ್ತೆ, ಮೋಕಾ ರಸ್ತೆ, ಸಂಗನಕಲ್ಲು ರಸ್ತೆ, ಹೊಸಪೇಟೆ ರಸ್ತೆ ಎಲ್ಲಿ ಹೋದರೂ ಇದೇ ಮಾಲು, ಬಣ್ಣ ಮಾತ್ರ ಬೇರೆ.

ಈ ಮಾಲಿಗೆ ಅಂಕ ಕೊಡುವುದಾದರೆ ಎಲಿವೇಷನ್‌ಗೆ ಹತ್ತಕ್ಕೆ ಎಂಟು, ಅಡುಗೆಮನೆಗೆ ಏಳು, ಸಂಪಿಗೆ ನಾಲ್ಕು, ಬಿಸಿಲು ತಡೆಯುವುದರಲ್ಲಿ ಮೂರು. ಪಾಯಕ್ಕೆ ಎಲ್ಲರಿಗೂ ಸೇರಿಸಿ ಒಂದು ಅಂಕ ಕೊಡಲು ಬರುವುದಿಲ್ಲ. ಅದು ಮನೆಯಿಂದ ಮನೆಗೆ ಬದಲಾಗುತ್ತದೆ, ಮೇಲಾಗಿ ಮುಚ್ಚಿ ಹೋಗಿರುತ್ತದೆ. ಗಿರಾಕಿ ಕಣ್ಣಿಗೆ ಬೀಳುವ ಕಡೆ ದುಡ್ಡು ಸುರಿದು, ಬೀಳದ ಕಡೆ ಕೈ ಬಿಗಿ ಹಿಡಿಯುವುದು ಈ ವ್ಯಾಪಾರದ ಲೆಕ್ಕ. ಆದ್ದರಿಂದ ನೋಡುವುದನ್ನೂ ಕೆಳಗಿನಿಂದಲೇ ಶುರು ಮಾಡಬೇಕು.

ಊರ ನಡುವಿನ ಗುಡ್ಡಗಳ ಬುಡಕ್ಕೆ ಹತ್ತಿರದ ಜಾಗಗಳಲ್ಲಿ ಅಗೆದರೆ ಬೇಗ ಗರಸು ಸಿಗುತ್ತದೆ, ಕೆಲವು ಕಡೆ ಬಂಡೆಯೇ ಎದ್ದು ನಿಂತಿರುತ್ತದೆ. ಮೋಕಾ, ಸಿರುಗುಪ್ಪ ದಿಕ್ಕಿಗೆ ಹೋದಂತೆ ಎರೆ ಭೂಮಿ. ಹತ್ತಿ, ಜೋಳಕ್ಕೆ ಬಂಗಾರದಂಥ ನೆಲ, ಮನೆಗೆ ಮಾತ್ರ ಕಾಟ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪ್ರತಿ ವರ್ಷ ಮಳೆಗಾಲದಲ್ಲಿ ಮನೆಯನ್ನು ಮೇಲಕ್ಕೆ ಒತ್ತಿ, ಬೇಸಿಗೆಯಲ್ಲಿ ಕೈಬಿಡುತ್ತದೆ. ಇಡೀ ಮನೆ ಒಂದೇ ಸಮ ಎದ್ದು ಕೂತರೆ ತೊಂದರೆಯಿಲ್ಲ. ಆದರೆ ಸಂಪು ಸೋರುವ ಮೂಲೆ ಉಬ್ಬಿ, ಬಿಸಿಲು ಬೀಳುವ ಪಡುವಣ ಮೂಲೆ ಕುಗ್ಗಿ, ನಡುವೆ ಗೋಡೆ ಸೀಳುತ್ತದೆ.

ನೆಲ ಯಾವುದೆಂದು ತಿಳಿಯಲು ಮಣ್ಣು ಪರೀಕ್ಷೆಯ ವರದಿ ಕೇಳಿ. ಮಾರುವವರ ಹತ್ತಿರ ಅದು ಇರುವುದೇ ಅಪರೂಪ. ಇಲ್ಲದಿದ್ದರೆ ಪಕ್ಕದ ಖಾಲಿ ಸೈಟಿಗೆ ಏಪ್ರಿಲ್‌ನಲ್ಲಿ ಕಾಲಿಡಿ. ನೆಲದ ಬಿರುಕಿನಲ್ಲಿ ಅಂಗೈ ಇಳಿಯುವಂತಿದ್ದರೆ ನೀವು ನೋಡುತ್ತಿರುವ ಮನೆಯೂ ಅದೇ ನೆಲದ ಮೇಲೆ ನಿಂತಿದೆ. ಇಂಥ ಕಡೆ ಕಾಲಮ್ಮಿನ ಗುಂಡಿ ಎರೆ ಪದರ ದಾಟಿ ಗಟ್ಟಿ ಗರಸಿಗೆ ಇಳಿದಿರಬೇಕು, ಕಾಲಮ್ಮುಗಳನ್ನೆಲ್ಲ ಪ್ಲಿಂತ್ ಬೀಮು (ನೆಲಮಟ್ಟದ ಕಾಂಕ್ರೀಟ್ ಅಡ್ಡತೊಲೆ) ಕಟ್ಟಿ ಹಿಡಿದಿರಬೇಕು, ಒಳಗೆ ತುಂಬಿದ್ದು ಅಗೆದ ಎರೆ ಮಣ್ಣಲ್ಲ, ಹೊರಗಿಂದ ತಂದ ಗರಸು ಆಗಿರಬೇಕು. ಎರೆ ಪದರ ತೀರಾ ಆಳವಿದ್ದರೆ ಬುಡದಲ್ಲಿ ಗಂಟೆಯಂತೆ ಅಗಲವಾದ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಸರಿಯಾದ ದಾರಿ. ಅಂಥ ಪೈಲು ಸಾಮಾನ್ಯವಾಗಿ 3.5 ಮೀಟರಿಗಿಂತ ಕೆಳಗಿಳಿಯುತ್ತದೆ, ಏಕೆಂದರೆ ಋತು ಋತುವಿಗೆ ಉಬ್ಬಿ ಕುಗ್ಗುವ ಪದರ ಹೆಚ್ಚುಕಮ್ಮಿ ಅಲ್ಲಿಯವರೆಗೆ ಇರುತ್ತದೆ. ಮಾರಾಟಕ್ಕೆ ಕಟ್ಟುವವರು ಆ ಖರ್ಚಿಗೆ ಹೋಗುವುದು ಕಡಿಮೆ. ಕನಿಷ್ಠ ಪಾಯ ತೋಡಿದಾಗಿನ ಫೋಟೋ ಕೇಳಿ. ಈಗ ಪ್ರತಿ ಗೌಂಡಿಯ ಫೋನಿನಲ್ಲೂ ಕೆಲಸದ ಫೋಟೋ ಇರುತ್ತದೆ. "ಫೋಟೋ ಇಲ್ಲ ಸಾರ್, ಗ್ಯಾರಂಟಿ ನಾನಿದೀನಲ್ಲ" ಅಂದರೆ ಗುಂಡಿಯ ಆಳಕ್ಕೆ ಸಾಕ್ಷಿ ಇಲ್ಲವೆಂದೇ ತಿಳಿಯಿರಿ.

ಕಟ್ಟಿ ಎರಡು ಮಳೆಗಾಲ ಕಂಡ ಮನೆಯಾದರೆ ಬಿರುಕು ಓದುವುದು ಸುಲಭ. ಸಂಜೆ ಕತ್ತಲಾದ ಮೇಲೆ ಹೋಗಿ, ಲೈಟು ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಹಗಲು ಕಾಣದ ಪುಟ್ಟಿ ತೇಪೆಯೆಲ್ಲ ಉಬ್ಬಿ ನೆರಳು ಬೀಳಿಸುತ್ತದೆ. ಗೋಡೆ ತುಂಬ ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಗಿಲಾವಿನ ಮೇಲ್ಮೈ ಬೇಗ ಒಣಗಿದೆ ಅಷ್ಟೆ, ಬಿಡಿ. ಕಾಲಮ್ಮು ಮತ್ತು ಇಟ್ಟಿಗೆ ಸೇರುವಲ್ಲಿ ನೇರ ಗೆರೆ ಇದ್ದರೆ ಜಾಳಿಗೆ ಹಾಕದೆ ಗಿಲಾವು ಮಾಡಿದ್ದಾರೆ. ಅದಕ್ಕೆ ರಿಪೇರಿ ಇದೆ. ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡ ಗೆರೆ ಬಂದಿದ್ದರೆ ಬಿಸಿಲಿಗೆ ಸ್ಲ್ಯಾಬು ಹಿಗ್ಗುತ್ತಿದೆ. ಹೆದರಬೇಕಾದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸೀಳಿಗೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದು ಇದೇ. ಎಷ್ಟು ಪುಟ್ಟಿ ತುಂಬಿದರೂ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ.

ಕಾಂಪೌಂಡು ಗೋಡೆಯನ್ನು ಮರೆಯಬೇಡಿ. ಅದಕ್ಕೆ ಪಾಯವೇ ಇಲ್ಲದಂತೆ ಕಟ್ಟುವುದರಿಂದ ನೆಲದ ಗುಟ್ಟು ಮೊದಲು ರಟ್ಟಾಗುವುದು ಅಲ್ಲೇ. ಗೇಟಿನ ಎರಡು ಕಂಬಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ ಟೇಪು ಹಿಡಿದು ಅಳೆಯಿರಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಂಬ ವಾಲಿದೆ. ಚಿಲಕ ಕೂಡದ ಗೇಟಿಗೆ "ವೆಲ್ಡಿಂಗ್ ಸರಿಯಿಲ್ಲ" ಅನ್ನುವ ಸಬೂಬು ಈ ಊರಲ್ಲಿ ಬಹಳ ಹಳೆಯದು. ಪಾರ್ಕಿಂಗ್ ಟೈಲ್ಸಿನ ಮೇಲೆ ಗೋಲಿ ಬಿಟ್ಟು ನೋಡಿ. ಇಳಿಜಾರು ಗೇಟಿನ ಕಡೆಗೆ ಇರಬೇಕು, ಗೋಲಿ ಮನೆ ಕಡೆ ಉರುಳಿದರೆ ಕೆಳಗೆ ನೆಲ ಉಬ್ಬಿದೆ. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿ ಮಳೆನೀರು ಪಾಯದಿಂದ ದೂರ ಹರಿಯುವಂತೆ ಮಾಡಿದ್ದರೆ ಕಟ್ಟಿಸಿದವನಿಗೆ ಎರೆ ಭೂಮಿ ಗೊತ್ತಿದೆ ಎಂದರ್ಥ. ಅಂಥವನ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು: ಸ್ಲ್ಯಾಬು ಯಾವ ತಿಂಗಳು ಹಾಕಿದ್ದು? ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಣ ಬಿಸಿ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ತೇವವಾಗಿ ಇಡಬೇಕು, ಹಾರುಬೂದಿ ಬೆರೆತ ಸಿಮೆಂಟಾದರೆ 14 ದಿನಕ್ಕೆ ಹೆಚ್ಚಿಸಲು ಅದು ಶಿಫಾರಸು ಮಾಡುತ್ತದೆ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು, ಅಂದರೆ 14ರ ಲೆಕ್ಕದ್ದು. ನಳವೇ ದಿನ ಎಣಿಸಿ ಬರುವ ಊರಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ಎರಡು ವಾರ ಮಡಿ ಕಟ್ಟಿ ನೀರು ನಿಲ್ಲಿಸಿದವರು ಎಷ್ಟು ಮಂದಿ? ನಾಲ್ಕನೇ ದಿನಕ್ಕೆ ಕೈಬಿಟ್ಟ ಸ್ಲ್ಯಾಬು ನೋಡಲು ಚೆನ್ನಾಗಿಯೇ ಇರುತ್ತದೆ, ಮೂರನೇ ವರ್ಷ ಸೋರುತ್ತದೆ. ಮಳೆಗಾಲದ ಕೊನೆಯಲ್ಲೋ ಚಳಿಗಾಲದಲ್ಲೋ ಹಾಕಿದ್ದಾದರೆ ಒಂದು ಚಿಂತೆ ಕಡಿಮೆ. ಗಿಲಾವಿನ ಪರೀಕ್ಷೆಗೆ ಒಂದು ರೂಪಾಯಿ ನಾಣ್ಯ ಸಾಕು. ಮೆಟ್ಟಿಲ ಕೆಳಗೆ, ಮೀಟರ್ ಪೆಟ್ಟಿಗೆಯ ಹಿಂದೆ, ಎಲ್ಲಿ ಪುಟ್ಟಿ ಹಚ್ಚಿಲ್ಲವೋ ಅಲ್ಲಿ ಕೆರೆಯಿರಿ. ಬಿಳಿ ಗೀರು ಬಿದ್ದರೆ ಸರಿ, ಮರಳು ಉದುರಿದರೆ ನೀರು ಉಣಿಸಿಲ್ಲ.

ನೀರಿನ ವಿಷಯ. ಊರಿನ ನಳಕ್ಕೆ ಬರುವುದು ತುಂಗಭದ್ರೆಯ ನೀರು. ಕಾಲುವೆಯಿಂದ ಅಲ್ಲೀಪುರ, ಮೋಕಾ ಕಡೆಯ ಕೆರೆಗಳಿಗೆ ತುಂಬಿಸಿಟ್ಟುಕೊಂಡು ಕೊಡುತ್ತಾರೆ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಕೆರೆಯಲ್ಲಿ ಇದ್ದಷ್ಟೇ ಗತಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಬಿಗಿಹಿಡಿದದ್ದು ಗದ್ದೆಗಾಗಿ ಮಾತ್ರ ಅಲ್ಲ. ನಳ ಎಷ್ಟು ದಿನಕ್ಕೊಮ್ಮೆ ಎಂಬುದು ವಾರ್ಡಿನಿಂದ ವಾರ್ಡಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಬ್ರೋಕರನ್ನು ಕೇಳಬೇಡಿ. ಓಣಿಯಲ್ಲಿ "ನೀರಿನ ಸಮಸ್ಯೆ ಇದೆಯಾ?" ಎಂದು ಕೇಳಿದರೂ "ಏನಿಲ್ಲ ಬಿಡ್ರಿ" ಅಂದುಬಿಡುತ್ತಾರೆ. "ಅಕ್ಕಾ, ಕಳೆದ ಸಲ ನಳ ಯಾವತ್ತು ಬಂದಿತ್ತು? ಅದರ ಹಿಂದಿನ ಸಲ?" ಎಂದು ಕೇಳಿ. ವಾರ, ಗಂಟೆ ಸಮೇತ ಉತ್ತರ ಬರುತ್ತದೆ.

ಆ ಉತ್ತರವನ್ನು ಸಂಪಿಗೆ ಹೊಂದಿಸಿ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಹಾಕುವ ಮಾಮೂಲಿ ಲೆಕ್ಕ. ಐದು ಜನರ ಮನೆಗೆ 675 ಲೀಟರ್, ನಳ ಹತ್ತು ದಿನಕ್ಕೊಮ್ಮೆ ಬರುತ್ತದೆಂದು ಹಿಡಿದರೆ 6,750. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ಹಿಡಿದರೆ 8×6 ಅಡಿ ಅಗಲ, 5 ಅಡಿ ನೀರು ನಿಲ್ಲುವ ಸಂಪು ಬೇಕು. ರೆಡಿ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 5×5×5 ಸಂಪು 3,500 ಲೀಟರ್ ಚಿಲ್ಲರೆ ಹಿಡಿಯುತ್ತದೆ, ಐದು ದಿನಕ್ಕೆ ತಳ ಕಾಣುತ್ತದೆ. ಉಳಿದ ಐದು ದಿನ ಟ್ಯಾಂಕರಿನ ಡ್ರೈವರಿಗೆ ಫೋನು. ಸಂಪಿಗೆ ನಾಲ್ಕೇ ಅಂಕ ಕೊಟ್ಟದ್ದು ಇದಕ್ಕೇ.

ಮುಚ್ಚಳ ತೆಗೆಸಿ ಒಳಗೆ ನೋಡಿ, ನಾಚಿಕೊಳ್ಳಬೇಡಿ. ಎರೆ ನೆಲದಲ್ಲಿ ಇಟ್ಟಿಗೆ ಗೋಡೆಯ ಸಂಪು ಬೇಡ. ಮಳೆಗಾಲದಲ್ಲಿ ಸುತ್ತಲಿನ ಮಣ್ಣು ಉಬ್ಬಿ ಪಕ್ಕದಿಂದ ಒತ್ತುತ್ತದೆ, ಸಂಪು ಖಾಲಿ ಇದ್ದಾಗಂತೂ ಎದುರು ಒತ್ತಲು ನೀರೂ ಇರುವುದಿಲ್ಲ. ಗೋಡೆ ಸೀಳಿ ಸೋರುತ್ತದೆ, ಆ ಸೋರಿಕೆ ಪಾಯದಡಿಯ ಎರೆಗೆ ನೀರುಣಿಸುತ್ತದೆ, ಮುಂದಿನ ಕಥೆ ಮೇಲೆ ಹೇಳಿದ್ದೇ. ಆರು ಇಂಚಿನ ಆರ್‌ಸಿಸಿ ಗೋಡೆ, ಒಳಗೆ ವಾಟರ್‌ಪ್ರೂಫ್ ಲೇಪ ಇರಬೇಕು. ಪರೀಕ್ಷೆ ಹೀಗೆ: ತುಂಬಿಸಿ, ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಮೋಟಾರು ಮುಟ್ಟದೆ 48 ಗಂಟೆ ಬಿಡಿ. ಮುಚ್ಚಿದ ಸಂಪಿನಲ್ಲಿ ನೀರು ಆವಿಯಾಗಿ ಇಳಿಯುವುದು ಕಣ್ಣಿಗೆ ಕಾಣುವಷ್ಟಿಲ್ಲ, ಇಳಿದಿದ್ದರೆ ಸೋರಿಕೆಯೇ. ಯುಜಿಡಿ (ಒಳಚರಂಡಿ) ಚೇಂಬರು ಸಂಪಿಗೆ ಅಂಟಿಕೊಂಡಂತಿದ್ದರೆ ಅದೊಂದೇ ಕಾರಣಕ್ಕೆ ಮನೆ ಬೇಡವೆನ್ನಬಹುದು.

ಬೋರ್‌ವೆಲ್ ಇದೆ ಎಂದರೆ ಖುಷಿಪಡುವ ಮೊದಲು ಒಂದು ಬಾಟಲಿ ನೀರು ತೆಗೆದುಕೊಂಡು ಲ್ಯಾಬಿಗೆ ಕೊಡಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ನೀರಿಲ್ಲದಾಗ 2,000ದವರೆಗೆ ಮಾನಕ ಒಪ್ಪುತ್ತದೆ. ಫ್ಲೋರೈಡ್ 1.5 ದಾಟಬಾರದು. ಲವಣ ಹೆಚ್ಚಿದ್ದರೆ ಗೀಸರಿನ ಕಾಯಿಲ್, ಷವರಿನ ತೂತು, ಸೋಲಾರಿನ ಕೊಳವೆ ಮೂರೂ ಕಟ್ಟಿಕೊಳ್ಳುತ್ತವೆ. ಬಾತ್‌ರೂಮಿನ ನಲ್ಲಿಯ ಬಾಯಲ್ಲಿ ಬಿಳಿ ಪಕ್ಕು ಕಂಡರೆ ಲ್ಯಾಬಿಗಿಂತ ಮೊದಲೇ ಉತ್ತರ ಸಿಕ್ಕಿತು.

ಪಾಲಿಕೆ ಗಡಿಯಾಚೆ ಪಂಚಾಯಿತಿಗೆ ಸೇರಿದ ಬಡಾವಣೆಯಲ್ಲಿ ಯುಜಿಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಮಾಡಿರುತ್ತಾರೆ. ಎರೆ ಮಣ್ಣು ನೀರನ್ನು ಇಂಗಿಸುವುದೇ ಇಲ್ಲ ಎನ್ನುವಷ್ಟು ನಿಧಾನ. ಗುಂಡಿ ತುಂಬಿ ವಾಪಸು ಬರುತ್ತದೆ, ಕಕ್ಕಸು ಗುಂಡಿ ಎಳೆಯುವ ಗಾಡಿ ಮೇಲಿಂದ ಮೇಲೆ ಬರುತ್ತದೆ. ಗಾಡಿ ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಎಂದು ಪಕ್ಕದ ಮನೆಯಲ್ಲಿ ಕೇಳಿ.

ಬಿಸಿಲಿಗೆ ಈ ಮನೆಗಳು ತಯಾರಾಗಿಯೇ ಇಲ್ಲ. ಹಳೆ ಬಳ್ಳಾರಿಯ ಮಾಳಿಗೆ ಮನೆಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಇದ್ದದ್ದು ಸುಮ್ಮನೆ ಅಲ್ಲ. ಈಗಿನ ಹೊರಗೋಡೆ ಎಷ್ಟೋ ಕಡೆ ಆರು ಇಂಚಿನ ಸಾಲಿಡ್ ಬ್ಲಾಕು, ಅದರಲ್ಲೂ ಪಡುವಣಕ್ಕೆ ಮಾಸ್ಟರ್ ಬೆಡ್‌ರೂಮು. ಸಂಜೆ ಏಳಕ್ಕೆ ಆ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ, ರೊಟ್ಟಿ ಹಂಚಿನ ನೆನಪಾಗುತ್ತದೆ. ವಾಸ್ತುವಿನ ಹೆಸರಲ್ಲಿ ಪೂರ್ವ ಬಾಗಿಲಿಗೆ ಹೆಚ್ಚುವರಿ ಲಕ್ಷ ಕೇಳುತ್ತಾರೆ. ಆ ಲಕ್ಷದ ಒಂದು ಪಾಲಿನಲ್ಲಿ ಮಾಳಿಗೆಗೆ ಬಿಳಿ ಕೂಲ್‌ರೂಫ್ ಲೇಪ, ಪಡುವಣ ಕಿಟಕಿಗೆ ಎರಡಡಿ ಸಜ್ಜೆ ಮಾಡಿಸಿದರೆ ಮಲಗುವವರಿಗೆ ಹೆಚ್ಚು ಉಪಯೋಗ. ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ಬೆಡ್‌ರೂಮು ಯಾವ ದಿಕ್ಕಿಗಿದೆ ನೋಡಿ. ಸ್ಪಾಂಜ್ ಐರನ್ ಘಟಕಗಳು ಹತ್ತಿರವಿರುವ ರಸ್ತೆಯಾದರೆ ಮಾಳಿಗೆಯ ಮೇಲೆ ಒದ್ದೆ ಬಿಳಿ ಬಟ್ಟೆ ಒಣಗಹಾಕಿ ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಗಾಳಿ ನೈರುತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ. ಒಂದೇ ಋತುವಿನಲ್ಲಿ ನೋಡಿ ತೀರ್ಮಾನಿಸಿದರೆ ಅರ್ಧ ವರ್ಷದ ಧೂಳು ಲೆಕ್ಕದಿಂದ ತಪ್ಪುತ್ತದೆ.

ಕಾಗದಕ್ಕೆ ವಕೀಲರು ಬೇಕೇ ಬೇಕು, ಆದರೂ ಕೊಳ್ಳುವವರು ತಾವೇ ಓದಬೇಕಾದ ಕೆಲವು ಇವೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು, ಆದ್ದರಿಂದ ಇಲ್ಲಿ ಗುಂಟೆಗಿಂತ ಸೆಂಟಿನ ಮಾತೇ ಹೆಚ್ಚು. ಒಂದು ಸೆಂಟು 435.6 ಚದರಡಿ, 30×40 ಅಂದರೆ ಸುಮಾರು 2.75 ಸೆಂಟು. ಪತ್ರದಲ್ಲಿ ಒಂದು ಅಳತೆ, ನೆಲದ ಮೇಲೆ ಇನ್ನೊಂದು ಇದ್ದರೆ ಮೊದಲು ಸರ್ವೆ, ಆಮೇಲೆ ಮುಂಗಡ.

ಮೂಲ ಜಮೀನು ಕೃಷಿಯಿಂದ ಪರಿವರ್ತನೆಯಾದ ಆದೇಶ, ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆ ನಕ್ಷೆ, ನಿಮ್ಮ ಸೈಟಿನ ನಂಬರು ಇರುವ ಸೈಟು ಬಿಡುಗಡೆ ಆದೇಶ ಮೂರೂ ಒಂದೇ ಸರ್ವೆ ನಂಬರು ಹೇಳಬೇಕು. ಪಾಲಿಕೆಯಲ್ಲಿ ಇ-ಖಾತೆ ಆಗಿರಬೇಕು, 2024ರ ಅಕ್ಟೋಬರಿನಿಂದ ಅದಿಲ್ಲದೆ ನೋಂದಣಿ ಇಲ್ಲ. ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ. ಅನುಮೋದನೆಯಿಲ್ಲದ ಸೈಟುಗಳಿಗೆ ಕೊಡುವ 11ಬಿ ತೋರಿಸಿ "ಎಲ್ಲಾ ಒಂದೇ ಸಾರ್" ಎಂದರೆ ಒಂದಲ್ಲ. ಬಿ ಖಾತೆಯೂ ಹಾಗೇ: ತೆರಿಗೆ ಕಟ್ಟಿಸಿಕೊಂಡರೆಂದು ಬಡಾವಣೆ ಸಕ್ರಮವಾಗುವುದಿಲ್ಲ, ಸಾಲಕ್ಕೆ ಬ್ಯಾಂಕುಗಳೂ ಮೂಗು ಮುರಿಯುತ್ತವೆ. ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚೆಗೆ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲೇ ತೆಗೆಸಿ, 30 ವರ್ಷ ಭರ್ತಿಯಾಗಲಿ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ 16. ಸೈಟಿಗೆ ಮಾತ್ರವಲ್ಲ, ಮೂಲ ಸರ್ವೆ ನಂಬರಿಗೂ ಬೇಕು.

ಎರಡು ಕಡೆ ಜನ ಎಡವುತ್ತಾರೆ. ಒಂದು, ಮೂಲ ಜಮೀನು ಪರಿಶಿಷ್ಟರಿಗೆ ಮಂಜೂರಾಗಿದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಇನ್ನೊಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಹಿ. 2005ರ ತಿದ್ದುಪಡಿಯಿಂದ ಅವರಿಗೆ ಸಮಪಾಲು, ತಂದೆ ಆಗ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ವಂಶವೃಕ್ಷ ಇಟ್ಟುಕೊಂಡು ಮೂಲ ಕ್ರಯಪತ್ರದ ಸಹಿಗಳನ್ನು ಒಂದೊಂದಾಗಿ ತಾಳೆ ಹಾಕಿ. "ತಂಗೀನ ಗುಂತಕಲ್ಲಿಗೆ ಕೊಟ್ಟೀವಿ, ಆಕೆ ಏನೂ ಕೇಳಲ್ಲ" ಎಂಬ ಮಾತಿಗೆ ಛಾಪಾ ಕಾಗದದ ಬೆಲೆ ಇಲ್ಲ.

ದುಡ್ಡಿನ ಲೆಕ್ಕಕ್ಕೆ 60 ಲಕ್ಷದ ಮನೆ ಹಿಡಿಯೋಣ. ಮುದ್ರಾಂಕ ಶೇ 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ಅಂದರೆ 3.36 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2, ಅದು 1.20 ಲಕ್ಷ. ಈ 4.56 ಲಕ್ಷವನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದ ಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ, ಇಲ್ಲಿ 48 ಲಕ್ಷ. ಕೈಯಿಂದ 16.56 ಲಕ್ಷ ಬೇಕು. ಶೇ 8.5ರ ಬಡ್ಡಿ, 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿಯಂತೆ ತಿಂಗಳ ಕಂತು 41,700ರ ಆಸುಪಾಸು. 50 ಲಕ್ಷ ಮುಟ್ಟಿದ್ದರಿಂದ ಮಾರುವವರ ಹಣದಲ್ಲೇ ಶೇ 1 ಟಿಡಿಎಸ್, 60,000 ರೂಪಾಯಿ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಪತ್ರದಲ್ಲಿ 40 ಬರೆದು 20 ನಗದು ಕೊಡಿ ಎಂದರೆ ಸಾಲ 32 ಲಕ್ಷಕ್ಕೆ ಇಳಿಯುತ್ತದೆ, ಜೊತೆಗೆ ಸ್ಥಿರಾಸ್ತಿಗೆ 20,000 ಅಥವಾ ಹೆಚ್ಚು ನಗದು ಮುಂಗಡ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಉಳಿತಾಯ ಅವರದು, ತಲೆನೋವು ನಿಮ್ಮದು.

ಕೊನೆಯದಾಗಿ ಓಣಿ. ಹಳೆ ಊರಿನ ಬ್ರೂಸ್‌ಪೇಟೆ, ಕೌಲ್‌ಬಜಾರ್‌ಗಳಲ್ಲಿ ಕಾರು ತಿರುಗಿಸಲು ಜಾಗವಿಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ನಾಲ್ಕು ಬಾಗಿಲು ತೆರೆಯುತ್ತವೆ. ಹೊಸ ಬಡಾವಣೆಯಲ್ಲಿ 30 ಅಡಿ ರಸ್ತೆ ಇದೆ, ಮೂರು ಸೈಟಿಗೊಂದು ಮನೆ, ನಡುವೆ ಜಾಲಿ ಗಿಡ. ಅಲ್ಲಿ ಮುಖ್ಯ ಪ್ರಶ್ನೆ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೇ ಎಂಬುದು. ಆಗದಿದ್ದರೆ ಬೀದಿದೀಪ, ಚರಂಡಿ, ಕಸದ ಗಾಡಿ ಯಾವುದಕ್ಕೂ ಪಾಲಿಕೆಯನ್ನು ಕೇಳುವಂತಿಲ್ಲ. ಬಡಾವಣೆಯ ಸಾಮೂಹಿಕ ಬೋರಿನ ಮೀಟರು ಲೇಔಟ್ ಮಾಡಿದವರ ಹೆಸರಿನಲ್ಲಿರುತ್ತದೆ. ಸೈಟು ಮಾರಿ ಮುಗಿಯುವವರೆಗೆ ಬಿಲ್ಲು ಕಟ್ಟುತ್ತಾರೆ, ಮುಗಿದ ಮೇಲೆ ಜೆಸ್ಕಾಂನವರು ಫ್ಯೂಸು ಕಿತ್ತ ದಿನ ಓಣಿಯವರಿಗೆ ವಿಷಯ ಗೊತ್ತಾಗುತ್ತದೆ. ಕ್ಷೇಮಾಭಿವೃದ್ಧಿ ಸಂಘ ಇದೆಯೇ, ನೋಂದಣಿ ಆಗಿದೆಯೇ, ಬ್ಯಾಂಕ್ ಖಾತೆ ಇದೆಯೇ, ಮನೆಗೆ ತಿಂಗಳಿಗೆ ಎಷ್ಟು ಎಂದು ಕೇಳಿ. ಗಣಪತಿ ಕೂರಿಸಲು ಚಂದಾ ಎತ್ತಿ ಲೆಕ್ಕ ಹಾಳೆ ಅಂಟಿಸುವ ಓಣಿಯಾದರೆ ಮೋಟಾರಿನ ರಿಪೇರಿಗೂ ದುಡ್ಡು ಕೂಡುತ್ತದೆ. ನಕ್ಷೆಯಲ್ಲಿ ಉದ್ಯಾನ, ಸಿಎ (ನಾಗರಿಕ ಸೌಲಭ್ಯದ) ಸೈಟು ಎಂದು ಹಸಿರು ಬಳಿದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ. ಅಲ್ಲಿ ಯಾರದ್ದಾದರೂ ಕಾಂಪೌಂಡು ಎದ್ದಿದ್ದರೆ ಉಳಿದ ಮಾತೂ ಅಷ್ಟೇ ನಿಜ.

ಮನೆಯನ್ನು ಮೂರು ಹೊತ್ತು ನೋಡಿ. ಬೆಳಿಗ್ಗೆ ಎಂಟೂವರೆಗೆ, ಶಾಲೆ ಬಸ್ಸಿನ ಹೊತ್ತಿಗೆ: ರೈಲು ಹಳಿ ದಾಟುವ ದಾರಿಯಾದರೆ ಗೇಟಿನಲ್ಲಿ ಎಷ್ಟು ನಿಮಿಷ ನಿಂತಿರಿ ಎಂದು ಎಣಿಸಿ. ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ. ಇನ್ನೊಂದು ಸಲ ದೊಡ್ಡ ಮಳೆ ಬಂದ ಮರುದಿನ, ರಸ್ತೆ ಎತ್ತರ ಮನೆಗಿಂತ ಮೇಲಿದೆಯೋ ಕೆಳಗಿದೆಯೋ ಆಗ ಅಳತೆಯಿಲ್ಲದೆ ಗೊತ್ತಾಗುತ್ತದೆ. ಮೂಲೆಯ ಒಗ್ಗರಣಿ-ಮಿರ್ಚಿ ಬಂಡಿಯ ಹತ್ತಿರ ಒಂದು ಪ್ಲೇಟು ತಿನ್ನುತ್ತಾ ನಿಂತರೆ ಯಾವ ಮನೆ ಎಷ್ಟು ದಿನದಿಂದ ಖಾಲಿ, ಯಾರು ಮುಂಗಡ ಕೊಟ್ಟು ವಾಪಸು ತೆಗೆದುಕೊಂಡರು, ಏಕೆ, ಎಲ್ಲ ಕನ್ನಡ-ತೆಲುಗು ಬೆರೆತ ಮಾತಿನಲ್ಲಿ ಕಿವಿಗೆ ಬೀಳುತ್ತದೆ.

ಬೀಗದ ಕೈ ತೆಗೆದುಕೊಳ್ಳುವ ದಿನ ಜೆಸ್ಕಾಂ ಬಿಲ್ಲನ್ನೂ ಕೇಳಿ ಪಡೆಯಿರಿ. ಕಟ್ಟಡ ಕೆಲಸಕ್ಕೆ ಪಡೆದ ತಾತ್ಕಾಲಿಕ ಸಂಪರ್ಕದಲ್ಲೇ ಮನೆ ಕೊಟ್ಟುಬಿಟ್ಟಿದ್ದರೆ ಯೂನಿಟ್ಟಿನ ದರ ಹೆಚ್ಚು, ಗೃಹಜ್ಯೋತಿಯೂ ಸಿಗುವುದಿಲ್ಲ. ಕಾಯಂ ಆರ್.ಆರ್. ನಂಬರ್ ಬರುವವರೆಗೆ ಕೊನೆಯ ಕಂತಿನಲ್ಲಿ ಒಂದಿಷ್ಟು ತಡೆಹಿಡಿಯುವುದಾಗಿ ಕರಾರಿನಲ್ಲೇ ಬರೆಸಿಕೊಂಡಿರಿ.